ಬರುವಾಗಿನ ಹೊಲಿಗೆ

ಜಾಹ್ನವಿ ಮೇಜಿನ ಮೇಲೆ ಹರಡಿದ ಕಪ್ಪು ಬಟ್ಟೆಯನ್ನು ಕನ್ನಡಕ ಏರಿಸಿಕೊಂಡು ನೋಡಿದ ಸಮಿತಿಯ ಹಿರಿಯ ಸದಸ್ಯರು, "ಎಲ್ಲಿ ಕತ್ತರಿಸಬೇಕಮ್ಮ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ಬಟ್ಟೆಯ ಮೇಲಿದ್ದದ್ದು ಬೆಳ್ಳಿ ಬಣ್ಣದ ತುಂಡು ತುಂಡು ಗೆರೆ. ಅಂಥ ಗೆರೆಯನ್ನು ಅವರು ಜೀವಮಾನವಿಡೀ ನೋಡಿದ್ದು ಅರ್ಜಿಗಳ ಕೆಳಗೆ, ಕತ್ತರಿಯ ಚಿತ್ರದ ಪಕ್ಕದಲ್ಲಿ.

"ಕತ್ತರಿಸೋದಲ್ಲ ಸರ್, ಇದು ಹೊಲಿಗೆ. ಅರ್ಧ ಆಗಿದೆ," ಎಂದಳು ಜಾಹ್ನವಿ.

"ಪೂರ್ತಿ ಮಾಡಿಕೊಂಡೇ ಬರಬಹುದಿತ್ತಲ್ಲ?"

ಅದು ಲಾಂಛನ ಆರಿಸುವ ಸಭೆ. ಇಬ್ಬರನ್ನು ಚಂದ್ರನ ಸುತ್ತ ಸುತ್ತಿಸಿ ಮನೆಗೆ ಕರೆತರುವ 'ಶಶಿಪಥ' ಯಾತ್ರೆಗೆ ರಾಕೆಟ್ಟು ಸಿದ್ಧವಾಗಿತ್ತು, ನೌಕೆ ಸಿದ್ಧವಾಗಿತ್ತು, ಹೋಗುವವರೂ ಸಿದ್ಧರಾಗಿದ್ದರು. ಲಾಂಛನವೊಂದೇ ಬಗೆಹರಿದಿರಲಿಲ್ಲ. ಒಬ್ಬರು ಕಮಲ ಬೇಕೆಂದರು, ಇನ್ನೊಬ್ಬರು ಸಿಂಹ. ಮೂರನೆಯವರು ತಂದಿದ್ದ ಚಿತ್ರದಲ್ಲಿ ಕಮಲ, ಸಿಂಹ, ನವಿಲು, ಚಕ್ರ, ಬಾವುಟ ಎಲ್ಲವೂ ಇದ್ದು, ಚಂದ್ರನಿಗೆ ಜಾಗ ಸಾಲದೆ ಅವನು ಮೂಲೆ ಸೇರಿದ್ದ. ಜಾಹ್ನವಿಯನ್ನು ಕರೆದದ್ದು ಲಾಂಛನದ ಬಟ್ಟೆ ಬೆಂಕಿ ಹತ್ತದಂಥದ್ದಾಗಿರಬೇಕು ಎಂಬ ಒಂದೇ ಕಾರಣಕ್ಕೆ. ಅಂತರಿಕ್ಷ ಕೇಂದ್ರದಲ್ಲಿ ಅವಳ ಕೆಲಸವೇ ಅದು. ಉರಿಯದ ಬಟ್ಟೆ ನೇಯಿಸುವುದು, ವಿದ್ಯುತ್ ಹರಿಯುವ ದಾರ ಹೊಸೆಯಿಸುವುದು. ಕರೆದಿದ್ದಾರಲ್ಲ ಎಂದು ಅವಳು ತನ್ನದೂ ಒಂದು ಇರಲಿ ಅಂತ ಹೊಲಿದು ತಂದಿದ್ದಳು.

ಅವಳು ಧಾರವಾಡದ ಸೊಸೆ. ಕಸೂತಿ ಕಲಿತದ್ದು ಅತ್ತೆಯಿಂದ. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಸೂಜಿ ಹೋಗುವಾಗ ಎಣಿಸಿದ ಕೆಲವು ಎಳೆಗಳ ಒಂದು ಮನೆ ಹೊಲಿದು ಅಷ್ಟೇ ಎಳೆಗಳ ಒಂದು ಮನೆ ಬಿಡುತ್ತದೆ. ಗೆರೆಯ ಕೊನೆ ಮುಟ್ಟಿದ ಮೇಲೆ ಅವೇ ತೂತುಗಳಲ್ಲಿ ಹಿಂದಿರುಗುತ್ತಾ ಬಿಟ್ಟ ಮನೆಗಳನ್ನು ತುಂಬಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಆಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಎಲ್ಲಿಯೂ ಗಂಟು ಹಾಕುವಂತಿಲ್ಲ.

"ನಮ್ಮಲ್ಲಿ ಮನೆ ಬಿಡೋವಾಗ ಯಾರೂ 'ಹೋಗ್ತೀನಿ' ಅನ್ನಲ್ಲ ಸರ್. 'ಹೋಗಿ ಬರ್ತೀನಿ' ಅಂತೀವಿ," ಎಂದು ಜಾಹ್ನವಿ ಬಟ್ಟೆಯ ಮೇಲೆ ಬೆರಳಾಡಿಸಿದಳು. "ಇದು ಅದೇ ಮಾತು. ಕೆಳಗಿರೋದು ಹೊಸ್ತಿಲು. ಅಲ್ಲಿಂದ ಹೊರಟ ಸೂಜಿ ಚಂದ್ರನ್ನ ಸುತ್ತಿ, ಅದೇ ಗೆರೆ ಮೇಲೆ ವಾಪಸ್ ಹೊಸ್ತಿಲಿಗೇ ಬರುತ್ತೆ. ಹೋಗೋ ಹೊಲಿಗೆ ನಾವು ಹಾಕಿ ಕಳಿಸೋಣ. ಬರೋ ಹೊಲಿಗೆ ಅವರೇ ಹಾಕ್ಕೊಂಡು ಬರಲಿ."

ಎಳೆ ಎಣಿಸಿ ಹೊಲಿಯುವ ಕೆಲಸವಾದ್ದರಿಂದ ಚಂದ್ರ ಮೆಟ್ಟಿಲು ಮೆಟ್ಟಿಲಾಗಿದ್ದ. ಒಬ್ಬರಿಗೆ ಅದು ಹಿಡಿಸಲಿಲ್ಲ. ಇನ್ನೊಬ್ಬರಿಗೆ ಕಪ್ಪು ಬಣ್ಣ ಹಿಡಿಸಲಿಲ್ಲ. "ಚಂದ್ರಕಾಳಿ ಸೀರೆ ಕಪ್ಪೇ ಅಲ್ವಾ ಸರ್, ಮದುವೇಲಿ ಕೊಡ್ತಾರೆ" ಎಂದಾಗ ಅವರು ಸುಮ್ಮನಾದರು. ಅರ್ಧಂಬರ್ಧ ಕೆಲಸವನ್ನು ದೇಶದ ಲಾಂಛನ ಮಾಡುವುದು ಅಪಶಕುನ ಎಂದು ಹಿರಿಯರು ಕೊನೆಯವರೆಗೂ ಗೊಣಗಿದರು. ಆದರೆ ಮಂತ್ರಿಗಳಿಗೆ 'ಹೋಗಿ ಬರ್ತೀನಿ' ಎಂಬುದು ಭಾಷಣಕ್ಕೆ ಚೆನ್ನಾಗಿ ಒದಗುವ ಮಾತೆನಿಸಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಮಂತ್ರಿಗಳು ಅಷ್ಟಕ್ಕೇ ಬಿಡಲಿಲ್ಲ. ಮೇಲೆ ಹೊಲಿಗೆ ಬಿದ್ದಂತೆಲ್ಲ ನಿಯಂತ್ರಣ ಕೊಠಡಿಯ ಗೋಡೆಯಲ್ಲಿ ಲಾಂಛನದ ಫಲಕವೊಂದರ ಮೇಲೆ ದೀಪ ಹತ್ತಬೇಕು, ಜನ ಟೀವಿಯಲ್ಲಿ ನೋಡಬೇಕು ಎಂದರು. ಇದೇನೂ ಕಷ್ಟದ್ದಲ್ಲ. ದಾರದಲ್ಲಿ ಬೆಳ್ಳಿಯ ಲೇಪವಿತ್ತು. ಬರುವ ಹೊಲಿಗೆ ಹೋದ ಹೊಲಿಗೆಯ ತೂತಿನಲ್ಲೇ ಹಾಯ್ದು ಅದನ್ನು ಮುಟ್ಟುವುದರಿಂದ, ಒಂದೊಂದು ಮನೆ ತುಂಬಿದಾಗಲೂ ವಿದ್ಯುತ್ತಿಗೆ ಪಕ್ಕದಲ್ಲೊಂದು ಹೊಸ ದಾರಿ ಸಿಗುತ್ತದೆ, ದಾರದ ತಡೆ ಒಂದಿಷ್ಟು ಇಳಿಯುತ್ತದೆ. ಆ ಒಂದು ಅಂಕಿ ಭೂಮಿಗೆ ಬಂದರೆ ಸಾಕು, ಎಷ್ಟು ಹೊಲಿಗೆ ಬಿದ್ದಿದೆಯೆಂದು ಕೂತಲ್ಲೇ ಹೇಳಬಹುದು.

ಆ ಅಂಕಿಯನ್ನು ಎಲ್ಲಿ ತುರುಕುವುದು ಎಂಬಲ್ಲಿ ಜಗಳ ಹತ್ತಿತು. ಜಾಗ ಉಳಿದಿದ್ದದ್ದು ಬೀಕನ್ನಿನಲ್ಲಿ ಮಾತ್ರ. ನೌಕೆಯ ಉಳಿದೆಲ್ಲ ಸತ್ತರೂ ತನ್ನದೇ ಪುಟ್ಟ ಬ್ಯಾಟರಿಯಲ್ಲಿ ನಾಲ್ಕಾರು ಅಂಕಿಗಳನ್ನು ಕಳಿಸುತ್ತಲೇ ಇರುವ, ತಿರುಗಿ ಭೂಮಿಯಿಂದ ಒಂದೇ ಒಂದು ಆಜ್ಞೆಯನ್ನು ಕೇಳಿಸಿಕೊಳ್ಳಬಲ್ಲ ಪೆಟ್ಟಿಗೆ ಅದು. ಫ್ಲೈಟ್ ಡೈರೆಕ್ಟರ್ ಐವನ್ ಸಲ್ಡಾನ್ಹಾ ಮಂಗಳೂರಿನವರು, ಮಾತಿಗಿಂತ ಮೊದಲು ಹುಬ್ಬು ಗಂಟಿಕ್ಕುವವರು.

"ಅಲ್ಲ ಮಾರಾಯ್ರೆ, ಜೀವ ಉಳಿಸುವ ಪೆಟ್ಟಿಗೆಯಲ್ಲಿ ಅಲಂಕಾರ ಎಂತಕ್ಕೆ?" ಎಂದರು ಅವರು. "ಮತ್ತೆ ಈ ಸೂಜಿ. ಅಲ್ಲಿ ಒಂದು ಅನ್ನದ ಅಗುಳು ತೇಲಿದರೆ ನನಗೆ ನಿದ್ರೆ ಬರುವುದಿಲ್ಲ."

ಸೂಜಿ ಮೊಂಡಾಯಿತು, ಅದು ಕೂರಲು ಒಂದು ಅಯಸ್ಕಾಂತದ ಪಟ್ಟಿ ಬಂತು. ಬರುವ ಹೊಲಿಗೆಯನ್ನು ಚಂದ್ರನಿಂದ ಮರಳುವ ಎಂಜಿನ್ ಹೊತ್ತಿಸಿದ ಮೇಲಷ್ಟೇ ಶುರುಮಾಡತಕ್ಕದ್ದು ಎಂದು ನಿಯಮವೂ ಆಯಿತು. ಮಂತ್ರಿಗಳ ಆಸೆ ಬೀಕನ್ನಿನಲ್ಲಿ ಕೂತುಕೊಂಡಿತು.

ಹೋಗುವ ಇಬ್ಬರಲ್ಲಿ ಒಬ್ಬಳು ಜಾಹ್ನವಿಯ ನಾದಿನಿ ಶ್ರಾವಣಿ. ವಾಯುಸೇನೆಯಲ್ಲಿ ಯುದ್ಧವಿಮಾನ ಹಾರಿಸಿದವಳು. ಲಾಂಛನದ ವಿಷಯ ಮನೆಯಲ್ಲಿ ಗೊತ್ತಾದಾಗ ಅವಳು ಜಾಹ್ನವಿಗೆ ಕೈ ಮುಗಿದಳು.

"ವೈನಿ, ಕೈ ಮುಗೀತೇನಿ. ಹೊಲಿಗಿ ಕೆಲಸಾ ಕಮಾಂಡರಿಗೆ ಹಚ್ಚ್ರಿ. ನಂಗ ಸೂಜಿ ಅಂದ್ರ ಆಗೂದಿಲ್ಲ."

"ನಿಮ್ಮ ಕಮಾಂಡರ್ ಜೋರಾವರ್ ಅವರಿಗೆ ಗುಂಡಿ ಹಚ್ಚಾಕೂ ಬರೂದಿಲ್ಲಂತ. ನಿನಗ ಸಣ್ಣಕಿ ಇದ್ದಾಗಿಂದ ಅತ್ತಿ ಕಲಿಸ್ಯಾರ," ಎಂದಳು ಜಾಹ್ನವಿ.

ಕಲಿಸಿದ್ದು ನಿಜ, ಕಲಿತದ್ದು ಅಷ್ಟಕ್ಕಷ್ಟೇ. ರಜೆಗೆ ಬಂದಾಗ ಶ್ರಾವಣಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅಭ್ಯಾಸ ಮಾಡಿದಳು. ಅವಳ ತಾಯಿ ಸುಮಂಗಲವ್ವ ಎದುರಿಗೆ ಬಟಾಣಿ ಸುಲಿಯುತ್ತ ಕೂತಿದ್ದರು. ಒಂದು ಸಾಲು ಮುಗಿದೊಡನೆ ಬಟ್ಟೆ ಇಸಿದುಕೊಂಡು, ಮುಂಭಾಗ ನೋಡದೆ ಹಿಂಭಾಗ ತಿರುಗಿಸಿ, ಕಣ್ಣು ಮುಚ್ಚಿ ಬೆರಳ ತುದಿಯಲ್ಲಿ ಸವರಿದರು.

"ಇಲ್ಲೊಂದು ಗುಳ್ಳಿ ಐತಿ."

"ಸಣ್ಣ ಗಂಟು ಅವ್ವ. ದಾರ ಜಾರತೈತಿ ಅಂತ ಹಾಕೇನಿ. ಹಿಂದ ಯಾರ್ ನೋಡ್ತಾರ?"

"ಕಸೂತಿಗೆ ಹಿಂದಿಲ್ಲ, ಮುಂದಿಲ್ಲ. ಬಿಚ್ಚು."

"ಅಲ್ಲಿ ಚಂದ್ರನ ಮ್ಯಾಲೆ ಬಂದು ತಿರುವಿ ನೋಡ್ತೀ ಏನು?"

"ಮನಿಗೆ ಬಂದಮ್ಯಾಲೆ ನೋಡ್ತೇನಲ್ಲ. ಬಿಚ್ಚು, ಬಿಚ್ಚು."

ಶ್ರಾವಣಿ ಹಲ್ಲು ಕಡಿಯುತ್ತ ಬಿಚ್ಚಿದಳು. ಜಾಹ್ನವಿಗೆ ನಗು ತಡೆಯಲಾಗಲಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಅವಳೂ ಇದೇ ಪಡಸಾಲೆಯಲ್ಲಿ ಇದೇ ಮಾತು ಕೇಳಿಸಿಕೊಂಡು ಎಷ್ಟೋ ಸಾಲು ಬಿಚ್ಚಿದವಳು. ಅತ್ತೆಯ ಬೆರಳಿಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ.

ಹೊರಡುವ ಮುನ್ನ, ಸೋಂಕು ತಗಲದಂತೆ ಯಾತ್ರಿಗಳನ್ನು ಇರಿಸಿದ್ದ ಕೋಣೆಯ ಗಾಜಿನ ಆಚೆಯಿಂದ ಶ್ರಾವಣಿ ಕೈ ಬೀಸಿ, ಮೈಕಿನಲ್ಲಿ "ಹೋಗಿ ಬರ್ತೇನಿ ಅವ್ವ" ಎಂದಳು. ಸುಮಂಗಲವ್ವ ಅದನ್ನೇ ಕಾಯುತ್ತಿದ್ದವರು ತಲೆಯಾಡಿಸಿದರು. ಕಣ್ಣೀರು ಹಾಕಿದ್ದು ಕಾರಿನಲ್ಲಿ ಕೂತ ಮೇಲೆ.

ನೌಕೆ ಚಂದ್ರನತ್ತ ಸಾಗಿದಂತೆ ದೇಶಕ್ಕೆ ಹೊಲಿಗೆಯ ಹುಚ್ಚು ಹಿಡಿಯಿತು. ಶಾಲೆಗಳಲ್ಲಿ ಮಕ್ಕಳು ರಟ್ಟಿನ ಮೇಲೆ ಅರ್ಧ ಲಾಂಛನ ಹೊಲಿದರು. ಬಸ್ಸಿನಲ್ಲಿ ಕಂಡಕ್ಟರುಗಳ ಜೇಬಿನಿಂದ ಅರ್ಧ ಹೊಲಿದ ಕರವಸ್ತ್ರಗಳು ಇಣುಕಿದವು. ಸೂಜಿ ಹಿಡಿಯಲು ಬಾರದವರಿಗೆಂದು ಪೇಟೆಯಲ್ಲಿ ಅಚ್ಚು ಹಾಕಿದವೂ ಬಂದವು. ಯಾರಾದರೂ ತಡೆಯಲಾರದೆ ಬರುವ ಹೊಲಿಗೆಯನ್ನು ಮೊದಲೇ ತುಂಬಿಬಿಟ್ಟರೆ ಅಕ್ಕಪಕ್ಕದವರು ಬೈದು ಬಿಚ್ಚಿಸುತ್ತಿದ್ದರು. ಅಪಶಕುನ ಎಂದಿದ್ದ ಹಿರಿಯ ಸದಸ್ಯರ ಮನೆಯಲ್ಲೂ ಒಂದು ಕರವಸ್ತ್ರವಿತ್ತೆಂದು ಆಮೇಲೆ ತಿಳಿಯಿತು.

ನೌಕೆ ಚಂದ್ರನನ್ನು ಸುತ್ತತೊಡಗಿದ ಮೇಲೆ, ಒಂದು ಬೆಳಗ್ಗೆ, ಎಂದಿನಂತೆ ಅವನ ಹಿಂದೆ ಮರೆಯಾಯಿತು. ಎಂದಿನಂತೆ ಈಚೆ ಬಂದಾಗ ಮಾತು ಬರಲಿಲ್ಲ.

ಸಲ್ಡಾನ್ಹಾ ಕರೆದರು, ಮತ್ತೆ ಕರೆದರು. ಚಿತ್ರವಿಲ್ಲ, ದನಿಯಿಲ್ಲ, ಯಾತ್ರಿಗಳ ನಾಡಿಬಡಿತದ ಗೆರೆಗಳಿಲ್ಲ. ಸ್ವಲ್ಪ ಹೊತ್ತಿಗೆ ಬೀಕನ್ನಿನ ಅಂಕಿಗಳು ಮಾತ್ರ ಬಡಕಲಾಗಿ ಬರತೊಡಗಿದವು. ಮುಖ್ಯ ವಿದ್ಯುತ್ತು ಸತ್ತಿತ್ತು. ಕೋಣೆಯಲ್ಲಿ ಗಾಳಿಯ ಒತ್ತಡ ಇತ್ತು. ಶಾಖ ಇಳಿಯುತ್ತಿತ್ತು. ಎಲ್ಲೋ ಬ್ಯಾಟರಿ ಸುಟ್ಟಿರಬೇಕು, ಹೊಗೆ ಆಗಿರಬೇಕು ಎಂದು ತಿಳಿದವರು ಊಹಿಸಿದರು. ಒಳಗಿನವರು ಎಚ್ಚರವಿದ್ದಾರೋ ಹೊಗೆಗೆ ಪ್ರಜ್ಞೆ ತಪ್ಪಿದ್ದಾರೋ ಹೇಳುವ ಅಂಕಿ ಯಾವುದೂ ಅಲ್ಲಿರಲಿಲ್ಲ.

ಅದೊಂದು ಗೊತ್ತಾಗದೆ ಮುಂದೆ ಹೆಜ್ಜೆ ಇಡುವಂತಿರಲಿಲ್ಲ. ಮುಂದಿನ ಸಲ ಚಂದ್ರನ ಹಿಂದೆ ಹೋದಾಗ ಎಂಜಿನ್ ಉರಿಯಲೇಬೇಕು, ಇಲ್ಲದಿದ್ದರೆ ಚಳಿಯೇ ಅವರನ್ನು ಮುಗಿಸುತ್ತದೆ. ಎಚ್ಚರವಿದ್ದವರು ಕಿಟಕಿಯಲ್ಲಿ ಚಂದ್ರನ ಅಂಚು ನೋಡಿ, ನೌಕೆಯನ್ನು ಸರಿಯಾಗಿ ತಿರುಗಿಸಿ, ಕೈಯಾರೆ ಹೊತ್ತಿಸಬಹುದು. ಭೂಮಿಯಿಂದಲೂ ಆಜ್ಞೆ ಕಳಿಸಬಹುದು. ಆದರೆ ನೌಕೆಯ ಮೂತಿ ಎತ್ತ ತಿರುಗಿದೆಯೆಂದು ಭೂಮಿಗೆ ಗೊತ್ತಿಲ್ಲ. ಅದು ಕಣ್ಣು ಕಟ್ಟಿಕೊಂಡು ಎಸೆದ ಕಲ್ಲು. ಸಾಲದ್ದಕ್ಕೆ, ಆ ಆಜ್ಞೆ ತಲುಪಿದ ಕ್ಷಣ ಒಳಗೆ ಕೈಯಾರೆ ನಡೆಸುವ ಹಿಡಿಕೆಗಳು ಕೆಲಸ ನಿಲ್ಲಿಸುತ್ತವೆ. ಎಚ್ಚರವಿದ್ದವರಿದ್ದರೆ ಆಜ್ಞೆ ಕಳಿಸುವುದು ಅವರನ್ನು ಕೊಂದಂತೆ. ಇಲ್ಲದಿದ್ದರೆ ಕಳಿಸದಿರುವುದು ಕೊಂದಂತೆ.

ಜಾಹ್ನವಿಗೆ ಅಲ್ಲಿ ಕೆಲಸವಿರಲಿಲ್ಲ. ಲಾಂಛನ ಫಲಕದ ಉಸ್ತುವಾರಿ ಎಂಬ ನೆಪದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಆಗ ಗೋಡೆಯ ಮೇಲೆ ಒಂದು ದೀಪ ಹತ್ತಿತು.

ಕೊಠಡಿಗೆ ಕೊಠಡಿಯೇ ತಿರುಗಿ ನೋಡಿತು. ಚಂದ್ರನ ಮೆಟ್ಟಿಲುಗಳಲ್ಲಿ ಒಂದು ಮನೆ ತುಂಬಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ್ದೂ ಹತ್ತಿತು. ಯಾರೋ ಚಪ್ಪಾಳೆ ತಟ್ಟಿದರು. ಸಲ್ಡಾನ್ಹಾ ಕೈಯೆತ್ತಿ ನಿಲ್ಲಿಸಿ, ನೌಕೆಯ ಶಾಖ ನೋಡಿಕೊಳ್ಳುವ ತಬಸ್ಸುಮ್ ಕಡೆ ತಿರುಗಿದರು. "ಎಂತ ಇದು?"

ತಬಸ್ಸುಮ್ ಹೇಳಲು ಇಷ್ಟವಿಲ್ಲದವಳಂತೆ ಹೇಳಿದಳು. "ಹೊಲಿಗೇನೇ ಅಂತ ಹೇಳಕ್ಕಾಗಲ್ಲ ಸರ್. ಲೋಹ ತಣ್ಣಗಾದ್ರೂ ಅದರ ತಡೆ ಇಳಿಯುತ್ತೆ. ಅಲ್ಲಿ ಚಳಿ ಹೆಚ್ಚಾಗ್ತಾನೇ ಇದೆ. ಎಂಜಿನ್ ಹೊತ್ತಿಸೋಕೆ ಮುಂಚೆ ಹೊಲಿಯೋ ಹಾಗೂ ಇಲ್ಲ ಅಲ್ವಾ?"

ಸರಿಯಾದ ಮಾತು. ಜಾಹ್ನವಿ ತಾನೇ ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದಳು. ಮೂರನೆಯ ದೀಪವೂ ಹತ್ತಿತು, ಆಮೇಲೆ ನಿಂತುಬಿಟ್ಟಿತು. ಫೋನು ನಡುಗಿದಾಗ ಅವಳು ಎದ್ದು ಹೊರಗಿನ ಕಾರಿಡಾರಿಗೆ ಬಂದಳು.

"ಆಕಿ ಎಚ್ಚರ ಅದಾಳೋ ಇಲ್ಲೋ, ಅಷ್ಟ ಹೇಳವಾ," ಎಂದರು ಸುಮಂಗಲವ್ವ.

"ಗೊತ್ತಿಲ್ಲ ಅತ್ತಿ."

"ಟೀವಿಯಾಗ ದೀಪಾ ಹತ್ಯಾವಲ್ಲ. ಹೊಲ್ಯಾಕತ್ತಾಳ ಆಕಿ."

"ಚಳಿಗೂ ಹಂಗ ಹತ್ತಬಹುದಂತ."

"ಚಳಿ ಬಂದು ಹೊಲಿಗಿ ಹಾಕತೈತೇನು?" ಅತ್ತೆಯ ದನಿ ಏರಿತು, ಆಮೇಲೆ ಕುಸಿಯಿತು. "ಈಗ ಯಾಕ ನಿಂತೈತಿ?"

ಅತ್ತೆಯೇ ತಮಗೆ ತಾವೇ ಎಂಬಂತೆ ಹೇಳಿಕೊಂಡರು. "ಗಂಟು ಬಿದ್ದಿರಬೇಕು. ಬಿಚ್ಚಾಕತ್ತಿರಬೇಕು."

ಪಾಪ, ತಾಯಿಯಲ್ಲವೇ ಎಂದುಕೊಂಡು ಜಾಹ್ನವಿ ಫೋನಿಟ್ಟಳು. ಬಾಗಿಲವರೆಗೆ ನಡೆದವಳು ಅಲ್ಲೇ ನಿಂತಳು. ಬಿಚ್ಚಿದರೆ ಫಲಕ ತೋರಿಸುವುದೇ ಇಲ್ಲ! ಮಂತ್ರಿಗಳ ಮುಂದೆ ಹತ್ತಿದ ದೀಪ ಆರಿದರೆ ಚೆನ್ನಾಗಿರುವುದಿಲ್ಲವೆಂದು, ಅಂಕಿ ಇಳಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೆ ಅದನ್ನು ಮಾಡಿಸಿದವಳು ಅವಳೇ. ಹಾಕಿದ ಹೊಲಿಗೆಯನ್ನು ಮೇಲೆ ಯಾರಾದರೂ ಬಿಚ್ಚಬಹುದೆಂದು ಈ ಕೇಂದ್ರದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಷ್ಟು ಸಾಲು ಬಿಚ್ಚಿದ್ದ ಅವಳಿಗೂ ಹೊಳೆದಿರಲಿಲ್ಲ.

ಅವಳು ತಬಸ್ಸುಮ್ ಮೇಜಿನ ಹತ್ತಿರ ಓಡಿಯೇ ಬಂದಳು. "ಫಲಕ ಬಿಡಿ. ಬೀಕನ್ನಿಂದ ಬಂದ ಮೂಲ ಅಂಕಿ ತೋರಿಸಿ. ಪಕ್ಕದಲ್ಲೇ ಶಾಖದ್ದೂ ಹಾಕಿ."

ಎರಡು ಗೆರೆಗಳು ಪರದೆಗೆ ಬಂದವು. ಶಾಖದ್ದು ಇಳಿಜಾರಿನಂತೆ ಒಂದೇ ಸಮನೆ ಇಳಿದಿತ್ತು. ದಾರದ್ದು ಹಾಗಿರಲಿಲ್ಲ. ಇಳಿದು, ನಿಂತು, ಇಳಿದು, ನಿಂತು, ಮತ್ತೆ ಇಳಿದು, ಆಮೇಲೆ ಒಂದು ಮೆಟ್ಟಿಲು ಮೇಲೆ ಏರಿತ್ತು.

"ಚಳಿಗೆ ಇದು ಇಳೀಬೇಕು," ಎಂದು ತಬಸ್ಸುಮ್ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. "ಏರಿದೆ!"

ಸಲ್ಡಾನ್ಹಾ ಬಂದು ಹಿಂದೆ ನಿಂತಿದ್ದರು. "ದಾರ ಕಿತ್ತು ಹೋದರೂ ಏರಬಹುದಲ್ಲ?"

"ಕಿತ್ತಿದ್ರೆ ಏರಿದ್ದು ಏರಿದ್ದೇ ಸರ್, ಮತ್ತೆ ಇಳಿಯಲ್ಲ," ಎಂದಳು ಜಾಹ್ನವಿ. "ನೋಡ್ತಾ ಇರಿ."

ಮೂವರೂ ನೋಡಿದರು. ಸಲ್ಡಾನ್ಹಾ ಅವರ ಉಸಿರು ಕಿವಿಗೆ ಕೇಳುತ್ತಿತ್ತು. ನೌಕೆ ಚಂದ್ರನ ಅಂಚಿಗೆ ಹತ್ತಿರವಾಗುತ್ತಿತ್ತು. ಇನ್ನು ತಡಮಾಡಿದರೆ ಆಜ್ಞೆ ಕಳಿಸಲೂ ಸಮಯವಿರುವುದಿಲ್ಲ. ಶ್ರಾವಣಿಯ ಜೀವ ಈಗ ಜಾಹ್ನವಿಯ ಊಹೆಯೊಂದರ ಮೇಲೆ ನಿಂತಿತ್ತು. ಆಗ ಗೆರೆ ಇಳಿಯಿತು. ಮೊದಲು ಎಲ್ಲಿಗೆ ಇಳಿದಿತ್ತೋ ಹೆಚ್ಚುಕಡಿಮೆ ಅಲ್ಲಿಗೇ. ಅದೇ ಮನೆ, ಅದೇ ಹೊಲಿಗೆ, ಎರಡನೆಯ ಸಲ.

"ಯಾರೋ ತಪ್ಪು ತಿದ್ದಿಕೊಳ್ತಾ ಇದ್ದಾರೆ ಸರ್," ಎಂದಳು ಜಾಹ್ನವಿ. "ಕೆಡೋ ಯಂತ್ರ ಕೆಡ್ತಾ ಹೋಗುತ್ತೆ. ವಾಪಸ್ ಬಂದು ಇನ್ನೊಂದು ಸಲ ಸರಿಯಾಗಿ ಮಾಡಲ್ಲ."

ಸಲ್ಡಾನ್ಹಾ ತಬಸ್ಸುಮ್ ಮುಖ ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ತಮ್ಮ ಮೇಜಿಗೆ ಹೋಗಿ, ಆಜ್ಞೆಯ ಗುಂಡಿಯ ಮೇಲಿನ ಮುಚ್ಚಳವನ್ನು ಕೆಳಕ್ಕೆ ಒತ್ತಿ, ಅದರ ಮೇಲೆ ಅಂಗೈ ಇಟ್ಟು ನಿಂತರು.

"ಕಳಿಸುವುದು ಬೇಡ. ಅವಳೇ ಹೊತ್ತಿಸಲಿ."

ನೌಕೆ ಮರೆಯಾಯಿತು. ಎಂಜಿನ್ ಉರಿಯದಿದ್ದರೆ ಅದು ಈಚೆ ಬರುವುದು ತಡ, ಉರಿದಿದ್ದರೆ ಬೇಗ. ಸಲ್ಡಾನ್ಹಾ ಕುತ್ತಿಗೆಯ ಶಿಲುಬೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಿದ್ದರು. ಜಾಹ್ನವಿ ಇಷ್ಟಲಿಂಗದ ನೆನಪಾಗಿ ಎದೆಗೆ ಕೈ ಒಯ್ದಳು. ಬೀಕನ್ನಿನ ಅಂಕಿಗಳು ಬೇಗ ಬಂದವು. ಚಪ್ಪಾಳೆಯ ಸದ್ದಿನಲ್ಲಿ ಸಲ್ಡಾನ್ಹಾ ಏನೋ ಹೇಳಿದ್ದು ಯಾರಿಗೂ ಕೇಳಲಿಲ್ಲ. ಬೀಕನ್ನಿನ ಬಗ್ಗೆ ತಾನು ಆಡಿದ್ದನ್ನು ವಾಪಸು ತೆಗೆದುಕೊಂಡೆ ಎಂದು ಹೇಳಿದ್ದಂತೆ. ಸೂಜಿಯ ಬಗ್ಗೆ ಆಡಿದ್ದನ್ನು ಮಾತ್ರ ಅವರು ಇವತ್ತಿಗೂ ಬಿಟ್ಟಿಲ್ಲ.

ಹೊಗೆ ಕುಡಿದಿದ್ದ ಜೋರಾವರ್ ದಾರಿಯಲ್ಲೇ ಚೇತರಿಸಿಕೊಂಡರು. ಇಬ್ಬರೂ ಸಮುದ್ರಕ್ಕಿಳಿದು, ಆಸ್ಪತ್ರೆ ಮುಗಿಸಿ, ಸನ್ಮಾನ ಮುಗಿಸಿ ಬಂದರು. ಬಟ್ಟೆ ವಸ್ತುಸಂಗ್ರಹಾಲಯ ಸೇರುವ ಮುನ್ನ ಒಂದು ಮಧ್ಯಾಹ್ನದ ಮಟ್ಟಿಗೆ ಧಾರವಾಡದ ಮನೆಗೆ ಬರಲು ಅನುಮತಿ ಸಿಕ್ಕಿತು. ಅದರ ಕಾವಲಿಗೆ ಬಂದ ಇಬ್ಬರು ಪಡಸಾಲೆಯಲ್ಲಿ ಗಿರಮಿಟ್ಟು ತಿನ್ನುತ್ತ ಕೂತರು.

"ನಿನ್ನ ಬುದ್ಧಿಗೆ ಏನ್ ಹೇಳಲಿ ಶ್ರಾವೀ," ಎಂದಳು ಜಾಹ್ನವಿ. "ಬಿಚ್ಚಿ ಮತ್ತ ಹಾಕಿದ್ರ ನಮಗ ತಿಳೀತೈತಿ ಅಂತ ಅಂಥಾ ಹೊತ್ತಿನ್ಯಾಗ ಹೆಂಗ ಹೊಳೀತು?"

ಶ್ರಾವಣಿ ತಿನ್ನುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ಏನ್ ತಿಳೀತೈತಿ? ನನಗ ಅದೆಲ್ಲಾ ಎಲ್ಲಿ ಗೊತ್ತಿತ್ತು ವೈನಿ? ಬೀಕನ್ ದೀಪಾನೂ ಆರಿತ್ತು, ಅದೂ ಸತ್ತೈತಿ ಅಂತ ತಿಳಕೊಂಡಿದ್ದೆ. ಕೈ ಮರಗಟ್ಟಾಕತ್ತಿದ್ವು. ಮರಗಟ್ಟಿದ್ರ ಹಿಡಿಕಿ ತಿರುವಾಕ ಆಗೂದಿಲ್ಲ, ಬೆರಳು ಆಡಿಸಬೇಕಿತ್ತು. ಎದುರಿಗೆ ಈ ಬಟ್ಟಿ ಇತ್ತು, ಹೊಲ್ಯಾಕ ಕುಂತೆ."

"ಮತ್ತ ಬಿಚ್ಚಿದ್ಯಲ್ಲ?"

"ಗಂಟು ಹಾಕಿದ್ದೆ." ಅವಳು ತಾಯಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಮನಿಗೆ ಹೋದ್ರ ಅವ್ವ ತಿರುವಿ ನೋಡ್ತಾಳ ಅಂತ ನೆನಪಾತು. ಬಿಚ್ಚಿದೆ."

ಸುಮಂಗಲವ್ವನಿಗೆ ಕೇಳಿಸಿತ್ತು. ಅವರು ಸೆರಗಿಗೆ ಕೈ ಒರೆಸಿಕೊಂಡು ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹಿಂಭಾಗ ತಿರುಗಿಸಿ, ಕಣ್ಣು ಮುಚ್ಚಿ, ಹೊಸ್ತಿಲಿಂದ ಹಿಡಿದು ಬೆರಳು ಸವರುತ್ತ ಹೋದರು. ಚಂದ್ರನ ಮೇಲಿನ ಮೆಟ್ಟಿಲ ಹತ್ತಿರ ಬೆರಳು ನಿಂತಿತು.

"ಇಲ್ಲಿ ಇನ್ನೊಂದು ಐತಿ."

"ಅಷ್ಟೊತ್ತಿಗೆ ಬೆರಳೇ ಇಲ್ಲದಂಗ ಆಗಿತ್ತವ್ವ. ಬಿಚ್ಚಾಕ ಆಗಲಿಲ್ಲ. ತಾ, ಈಗ ಬಿಚ್ಚತೇನಿ," ಎಂದು ಶ್ರಾವಣಿ ಕೈ ಚಾಚಿದಳು.

ಸುಮಂಗಲವ್ವ ಬಟ್ಟೆ ಕೊಡಲಿಲ್ಲ. ಅದನ್ನು ಮಡಚಿ ಜಾಹ್ನವಿಯ ಕೈಗಿತ್ತು, ಚಾಚಿದ ಆ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದರು. ಹೊರಗೆ ಸುಡುಬಿಸಿಲು. ಮಗಳ ಕೈ ಬೆಚ್ಚಗೇ ಇತ್ತು. ಅವರು ಬಹಳ ಹೊತ್ತು ಉಜ್ಜಿದರು.